ಅಜ್ಜಿಯ ಡಬ್ಬಿಯಲ್ಲಿದ್ದ ಬೆಳ್ಳಿ ರೂಪಾಯಿಗೆ ಈಗ ಎಷ್ಟು ಬೆಲೆ?

ಕಾಸರಗೋಡಿನ ನೀರ್ಚಾಲಿನ ಹತ್ತಿರ ನಮ್ಮ ಮೂಲಮನೆ ಇದೆ. ಈ ಸಲ ಅದರ ಮಾಡು ಬಿಚ್ಚುವ ಮೊದಲು ಅಟ್ಟ ಖಾಲಿ ಮಾಡಿದೆವು. ಭತ್ತ ತುಂಬಿಡುವ ಹಳೇ ಪತ್ತಾಯದ ತಳದಲ್ಲಿ ಬಟ್ಟೆ ಸುತ್ತಿದ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರೊಳಗೆ 31 ನಾಣ್ಯ, ಎಲ್ಲವೂ ಕಪ್ಪು ಕಪ್ಪು. ಸಂಜೆಯೊಳಗೆ ಮನೆಯವರು ಮೂರು ಮಾತು ಆಡಿದರು. "ಕರಗಿಸಿ ಮಗಳಿಗೆ ಕಾಲ್ಗೆಜ್ಜೆ ಮಾಡಿಸುವ" ಅಂತ ಅತ್ತಿಗೆ. "ಇದಕ್ಕೆ ಲಕ್ಷಗಟ್ಟಲೆ ಬರ್ತದಂತೆ, ಫೋನಲ್ಲಿ ನೋಡಿದೆ" ಅಂತ ಭಾವ. ದೊಡ್ಡಮ್ಮ ಮಾತ್ರ "ಮೊದಲು ಹುಣಸೆಹುಳಿ ಹಾಕಿ ತಿಕ್ಕಿ, ಆಮೇಲೆ ನೋಡುವ" ಅಂದರು.

ಇಂಥ ಡಬ್ಬಿ ನಮ್ಮ ಕಡೆ ತುಂಬಾ ಮನೆಗಳಲ್ಲಿ ಇದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ, ಎಲ್ಲಿ ಕೇಳಿದರೂ ಲಕ್ಷ್ಮೀಪೂಜೆಗೆ ಇಡುವ ನಾಲ್ಕು ಬೆಳ್ಳಿ ರೂಪಾಯಿ ಇದ್ದೇ ಇರುತ್ತದೆ. ಇಷ್ಟು ವರ್ಷ ಅದರ ಬೆಲೆ ಯಾರೂ ಕೇಳಿರಲಿಲ್ಲ. 2025ರಲ್ಲಿ ಬೆಳ್ಳಿ ಕೆಜಿಗೆ ಒಂದೂವರೆ ಲಕ್ಷ ರೂಪಾಯಿ ದಾಟಿದ ಮೇಲೆ ಎಲ್ಲರೂ ಕೇಳಲು ಶುರು ಮಾಡಿದರು. ಕೇಳುವುದು ತಪ್ಪಲ್ಲ. ಆದರೆ ಒಮ್ಮೆ ಕರಗಿಸಿದ ನಾಣ್ಯ ವಾಪಸ್ ಬರುವುದಿಲ್ಲ, ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಮ್ಮ ಕೈಯಲ್ಲಿ ಇರುವುದು ಏನು ಅಂತ ನಮಗೆ ಗೊತ್ತಿರಬೇಕು. ಅದನ್ನು ಮನೆಯಲ್ಲೇ ಕೂತು ಹೇಗೆ ತಿಳಿಯುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ನಾಣ್ಯ, ಎರಡು ಬೆಲೆ

ಹಳೇ ಬೆಳ್ಳಿ ನಾಣ್ಯಕ್ಕೆ ಎರಡು ಬೆಲೆ ಇರುತ್ತದೆ. ಒಂದು ಲೋಹದ ಬೆಲೆ. ಅದರೊಳಗೆ ಎಷ್ಟು ಗ್ರಾಂ ಶುದ್ಧ ಬೆಳ್ಳಿ ಇದೆಯೋ ಅಷ್ಟರ ಇವತ್ತಿನ ದರ. ಇನ್ನೊಂದು ಸಂಗ್ರಹದ ಬೆಲೆ, ಅಂದರೆ ನಾಣ್ಯ ಕೂಡಿಡುವವರು ಆ ಇಸವಿಗೆ, ಆ ಅಚ್ಚಿಗೆ ಕೊಡಲು ಒಪ್ಪುವ ಹಣ.

ಲೋಹದ ಬೆಲೆಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಸಂಗ್ರಹದ ಬೆಲೆ ಹಾಗಲ್ಲ, ಅದು ಬೇಕು ಅನ್ನುವವರು ಎಷ್ಟು ಜನ, ಇರುವ ನಾಣ್ಯ ಎಷ್ಟು ಅನ್ನುವುದರ ಮೇಲೆ ನಿಂತಿದೆ. ಹೆಚ್ಚಿನ ನಾಣ್ಯಗಳಲ್ಲಿ ಈ ಎರಡೂ ಹತ್ತಿರ ಹತ್ತಿರ ಇರುತ್ತವೆ. ಬೆಳ್ಳಿ ಏರಿದಾಗಲಂತೂ ಸಾಮಾನ್ಯ ಇಸವಿಯ ಸವೆದ ರೂಪಾಯಿಗೆ ಲೋಹದ ಬೆಲೆಯೇ ಮುಖ್ಯ ಆಗುತ್ತದೆ. ಕೆಲವೇ ಕೆಲವು ನಾಣ್ಯಗಳಲ್ಲಿ ಮಾತ್ರ ಎರಡನೇ ಬೆಲೆ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಮೇಲೆ ಇರುತ್ತದೆ. ಆ ಕೆಲವನ್ನು ಗುಂಪಿನಿಂದ ಬೇರೆ ಮಾಡುವುದೇ ನಮ್ಮ ಕೆಲಸ.

ಮೊದಲು ಬೆಳ್ಳಿಯ ಲೆಕ್ಕ

ಇದಕ್ಕೆ ಮೂರು ಅಂಕಿ ಸಾಕು. ನಾಣ್ಯದ ತೂಕ, ಅದರಲ್ಲಿ ಬೆಳ್ಳಿ ಎಷ್ಟು ಪಾಲು, ಇವತ್ತಿನ ದರ. ಮೂರನ್ನೂ ಗುಣಿಸಿದರೆ ಉತ್ತರ.

ತೂಕದ ವಿಷಯ ನಮ್ಮ ಹಿರಿಯರಿಗೆ ಬಾಯಿಪಾಠ ಇತ್ತು. ಬ್ರಿಟಿಷ್ ಕಾಲದ ಒಂದು ಬೆಳ್ಳಿ ರೂಪಾಯಿ ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಹಾಗಾಗಿಯೇ ಮದ್ದು ತೂಗಲಿಕ್ಕೆ, ಚಿನ್ನ ತೂಗಲಿಕ್ಕೆ "ರೂಪಾಯಿ ತೂಕ" ಅಂತ ಹೇಳುತ್ತಿದ್ದರು. ಅಂಥ 80 ರೂಪಾಯಿ ಒಟ್ಟು ಸೇರಿದರೆ ಒಂದು ಸೇರು. ಅರ್ಧ ರೂಪಾಯಿ ಅಂದರೆ ಎಂಟಾಣೆ 5.83 ಗ್ರಾಂ. ಪಾವಲಿ ಅಂದರೆ ನಾಲ್ಕಾಣೆ 2.92 ಗ್ರಾಂ. ಬೆಳ್ಳಿಯ ಎರಡಾಣೆ 1.46 ಗ್ರಾಂ.

ಇನ್ನು ಪಾಲು. ಚಿನ್ನದ ಅಂಗಡಿಯಲ್ಲಿ 916 ಅನ್ನುವ ಮುದ್ರೆ ನೋಡಿದ್ದೀರಲ್ವಾ? 24ರಲ್ಲಿ 22 ಪಾಲು ಚಿನ್ನ, ಉಳಿದದ್ದು ಬೇರೆ ಲೋಹ. ಹಳೇ ಬೆಳ್ಳಿ ರೂಪಾಯಿಯದ್ದೂ ಅದೇ ಲೆಕ್ಕ, 12ರಲ್ಲಿ 11 ಪಾಲು ಬೆಳ್ಳಿ. ಅಂದರೆ 0.917. ಬರೀ ಬೆಳ್ಳಿ ಮೆತ್ತಗೆ, ಕೈಯಿಂದ ಕೈಗೆ ಓಡಾಡಿದರೆ ಬೇಗ ಸವೆಯುತ್ತದೆ, ಅದಕ್ಕೆ ಸ್ವಲ್ಪ ತಾಮ್ರ ಸೇರಿಸುತ್ತಿದ್ದರು. ಒಂದು ರೂಪಾಯಿಯಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ.

ಲೆಕ್ಕ ಸುಲಭ ಆಗಲಿ ಅಂತ ಗ್ರಾಮಿಗೆ 150 ರೂಪಾಯಿ ಅಂತ ಇಟ್ಟುಕೊಳ್ಳೋಣ. ನೀವು ಓದುವ ದಿನದ ದರ ಬೇರೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. 10.69 ಗುಣಿಸು 150 ಅಂದರೆ ಸುಮಾರು 1,603 ರೂಪಾಯಿ. ಆದರೆ ನೂರು ವರ್ಷ ಓಡಾಡಿದ ನಾಣ್ಯ ಪೂರ್ತಿ 11.66 ಗ್ರಾಂ ಇರುವುದಿಲ್ಲ. ನಮ್ಮ ಡಬ್ಬಿಯ ಒಂದು ರೂಪಾಯಿ 11.42 ಬಂತು. ಅದನ್ನು 0.917ರಿಂದ ಗುಣಿಸಿದರೆ 10.47 ಗ್ರಾಂ ಬೆಳ್ಳಿ, ಅಂದರೆ 1,570ರ ಆಸುಪಾಸು. ಆದ್ದರಿಂದ ಪುಸ್ತಕದ ತೂಕ ನಂಬಿ ಕೂರಬೇಡಿ, ನಿಮ್ಮ ನಾಣ್ಯವನ್ನೇ ತೂಗಿ. ಗ್ರಾಮಿನ ನೂರನೇ ಒಂದು ಪಾಲು ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ.

ಯಾವ ಇಸವಿಯಲ್ಲಿ ಎಷ್ಟು ಬೆಳ್ಳಿ

ಕಾಸರಗೋಡು 1956ರ ನವೆಂಬರ್ 1ರ ತನಕ ಮದ್ರಾಸಿನ ಕಡೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ನಮ್ಮ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಬ್ರಿಟಿಷ್ ಇಂಡಿಯಾದ ರೂಪಾಯಿ, ತಿರುವಾಂಕೂರಿನ ಚಕ್ರ ಅನ್ನುವ ನಾಣ್ಯ ಕಮ್ಮಿ.

1835ರಲ್ಲಿ ಕಂಪನಿ ಸರಕಾರ ಇಡೀ ದೇಶಕ್ಕೆ ಒಂದೇ ಬಗೆಯ ರೂಪಾಯಿ ತಂದಿತು. ಮೊದಲು ನಾಲ್ಕನೇ ವಿಲಿಯಂನ ತಲೆ, 1840ರಿಂದ ವಿಕ್ಟೋರಿಯಾ ರಾಣಿ. 1862ರಿಂದ ಕಂಪನಿಯ ಹೆಸರು ಹೋಗಿ ರಾಣಿಯ ಆಡಳಿತದ ನಾಣ್ಯ ಬಂತು. 1877ರಿಂದ "ಕ್ವೀನ್" ಇದ್ದಲ್ಲಿ "ಎಂಪ್ರೆಸ್" ಅಂತ ಬರೆದರು. 1903ರಿಂದ 1910ರ ತನಕ ಏಳನೇ ಎಡ್ವರ್ಡ್. ಇವನ ತಲೆಯ ಮೇಲೆ ಕಿರೀಟ ಇಲ್ಲ, ಬೋಳು ತಲೆ, ನೋಡಿದ ಕೂಡಲೇ ಗುರುತು ಸಿಗುತ್ತದೆ. 1911ರಿಂದ ಐದನೇ ಜಾರ್ಜ್, ಆಮೇಲೆ ಆರನೇ ಜಾರ್ಜ್. ಇವೆಲ್ಲ ರೂಪಾಯಿಗಳೂ 1939ರ ತನಕ 0.917.

1940ರಲ್ಲಿ ದೊಡ್ಡ ಬದಲಾವಣೆ ಆಯಿತು. ಎರಡನೇ ಮಹಾಯುದ್ಧ, ಬೆಳ್ಳಿಗೆ ಬರ. ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 50 ಪಾಲು ಬೆಳ್ಳಿ, 40 ಪಾಲು ತಾಮ್ರ, 5 ನಿಕ್ಕೆಲ್, 5 ಸತು. ತೂಕ ಮಾತ್ರ ಮೊದಲಿನಷ್ಟೇ. ಅದೇ ಹೊತ್ತಿಗೆ, 1941ರಿಂದ 1943ರ ಒಳಗೆ, ವಿಕ್ಟೋರಿಯಾದಿಂದ ಹಿಡಿದು ಹಳೇ ಒಳ್ಳೆ ಬೆಳ್ಳಿಯ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆದರು. ಜನ ಎಲ್ಲವನ್ನೂ ವಾಪಸ್ ಕೊಡಲಿಲ್ಲ, ಪತ್ತಾಯದಲ್ಲಿ ಇಟ್ಟರು. ಡಬ್ಬಿಗಳಲ್ಲಿ ಅವು ಇವತ್ತೂ ಇರುವುದಕ್ಕೆ ಇದು ಒಂದು ಕಾರಣ.

1940ರಿಂದ 1945ರ ರೂಪಾಯಿಯನ್ನು ಗುರುತಿಸಲು ಅಂಚು ನೋಡಿ. ಹಳೆಯದರಲ್ಲಿ ಬರೀ ಗೀರುಗಳು. ಹೊಸತರಲ್ಲಿ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಓಡುತ್ತದೆ. ಕಳ್ಳನಾಣ್ಯ ತಡೆಯಲಿಕ್ಕೆ ಮಾಡಿದ್ದು ಅದು. ಇದರಲ್ಲಿ ಶುದ್ಧ ಬೆಳ್ಳಿ 5.83 ಗ್ರಾಂ ಮಾತ್ರ, ನಮ್ಮ ಲೆಕ್ಕಕ್ಕೆ ಸುಮಾರು 875 ರೂಪಾಯಿ. ಒಂದೇ ಗಾತ್ರ, ಒಂದೇ ತೂಕ, ಬೆಲೆ ಹತ್ತಿರ ಹತ್ತಿರ ಅರ್ಧ. ಎರಡನ್ನೂ ಒಂದೇ ಗುಡ್ಡೆ ಹಾಕಿ ತೂಗಿಸಿದರೆ ಎಲ್ಲದಕ್ಕೂ ಅರ್ಧದ ಬೆಲೆ ಹಾಕುವ ಅಂಗಡಿಯೂ ಇದೆ. ನಮ್ಮ ಅಪ್ಪ ಎಷ್ಟೋ ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಹಾಗೇ ಒಂದು ಹಿಡಿ ಕೊಟ್ಟು ಬಂದಿದ್ದರು. "ಹಳೇ ಬೆಳ್ಳಿ, ಇಷ್ಟೇ ಬರುವುದು" ಅಂದರಂತೆ. ಅಂಚು ನೋಡಬೇಕು ಅಂತ ಅಪ್ಪನಿಗೆ ಯಾರೂ ಹೇಳಿರಲಿಲ್ಲ, ನೆನೆದರೆ ಈಗಲೂ ಬೇಸರ ಆಗುತ್ತದೆ.

ಸ್ವಾತಂತ್ರ್ಯದ ನಂತರ ದಿನಬಳಕೆಯ ನಾಣ್ಯದಲ್ಲಿ ಬೆಳ್ಳಿ ಇಲ್ಲ. ನೆನಪಿನ ನಾಣ್ಯಗಳಲ್ಲಿ ಕೆಲವು ಮಾತ್ರ ಬೆಳ್ಳಿ. ಅದರಲ್ಲಿ ಮನೆಗಳಲ್ಲಿ ಜಾಸ್ತಿ ಸಿಗುವುದು ಗಾಂಧೀಜಿಯ 10 ರೂಪಾಯಿ. 15 ಗ್ರಾಂ ತೂಕ, 0.800 ಬೆಳ್ಳಿ, ಅಂದರೆ 12 ಗ್ರಾಂ ಶುದ್ಧ ಬೆಳ್ಳಿ. ಅದರ ಮೇಲೆ 1869–1948 ಅಂತ ಇರುತ್ತದೆ. ಅದು ಗಾಂಧೀಜಿ ಹುಟ್ಟಿದ ಮತ್ತು ತೀರಿಹೋದ ವರ್ಷ. ನಾಣ್ಯ ಬಂದದ್ದು 1969ರಲ್ಲಿ, ಅವರ ನೂರನೇ ಹುಟ್ಟುಹಬ್ಬಕ್ಕೆ. "1869ರ ನಾಣ್ಯ, 150 ವರ್ಷ ಹಳೇದು" ಅಂತ ಹೇಳುವವರು ಸಿಕ್ಕರೆ ಇದನ್ನು ತಿಳಿಸಿ. 1972ರ, ಸ್ವಾತಂತ್ರ್ಯದ 25ನೇ ವರ್ಷದ 10 ರೂಪಾಯಿಯೂ ಬೆಳ್ಳಿಯೇ. 22.5 ಗ್ರಾಂ ತೂಕ, ಅರ್ಧ ಪಾಲು ಬೆಳ್ಳಿ.

ಬೆಳ್ಳಿಯ ಹಾಗೆ ಕಾಣುವವು

1947ರ ಹುಲಿಯ ರೂಪಾಯಿ ನಿಕ್ಕೆಲ್. 1946–47ರ ಹುಲಿಯ ಎಂಟಾಣೆ, ಪಾವಲಿಯೂ ಹಾಗೇ. 1964ರ ನೆಹರೂ ರೂಪಾಯಿ ನಿಕ್ಕೆಲ್. ಗಾಂಧೀಜಿಯ 10 ರೂಪಾಯಿ ಬೆಳ್ಳಿ, ಆದರೆ ಅದೇ ವರ್ಷದ ಗಾಂಧೀಜಿಯ 1 ರೂಪಾಯಿ ನಿಕ್ಕೆಲ್. 1918ರಿಂದ ಈಚೆಗಿನ ಎರಡಾಣೆಯಲ್ಲಿ ಬೆಳ್ಳಿ ಇಲ್ಲ, ತಾಮ್ರ ನಿಕ್ಕೆಲ್ ಸೇರಿದ್ದು. ಬರೀ ನಿಕ್ಕೆಲಿನ ನಾಣ್ಯಕ್ಕೆ ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ.

ಮಕ್ಕಳು ಉಡಿದಾರಕ್ಕೆ ಕಟ್ಟುತ್ತಿದ್ದ ಒಟ್ಟೆ ಮುಕ್ಕಾಲು ಕೂಡ ಡಬ್ಬಿಯಲ್ಲಿ ಇರಬಹುದು. 1943ರಿಂದ 1947ರ, ನಡುವೆ ತೂತಿರುವ ಪೈಸೆ ಅದು. ಕಂಚು. ಚಂದ ಇದೆ, ಬೆಲೆ ಕಮ್ಮಿ.

ಒಂದು ಲೋಟ ನೀರಿನ ಪರೀಕ್ಷೆ

ಅಯಸ್ಕಾಂತಕ್ಕೆ ಅಂಟಲಿಲ್ಲ ಅಂದ ಮಾತ್ರಕ್ಕೆ ಬೆಳ್ಳಿ ಅಂತ ಅಲ್ಲ. ಜರ್ಮನ್ ಸಿಲ್ವರ್ ಅನ್ನುವ ಲೋಹದಲ್ಲಿ ಬೆಳ್ಳಿಯೇ ಇಲ್ಲ, ಆದರೂ ನೋಡಲಿಕ್ಕೆ ಹಾಗೇ ಇರುತ್ತದೆ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಇದಕ್ಕೆ ಒಳ್ಳೆ ಉಪಾಯ ನೀರು.

ಡಿಜಿಟಲ್ ತಕ್ಕಡಿಯ ಮೇಲೆ ಒಂದು ಸಣ್ಣ ಲೋಟದಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ನೂಲು ಕಟ್ಟಿ ನೀರಲ್ಲಿ ಪೂರ್ತಿ ಮುಳುಗುವ ಹಾಗೆ ಇಳಿಸಿ, ಆದರೆ ತಳಕ್ಕೂ ಬದಿಗೂ ತಾಗಬಾರದು, ಕೈಯಲ್ಲೇ ಹಿಡಿದಿರಿ. ಈಗ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅದು. ಒಳ್ಳೆ ಬೆಳ್ಳಿ ರೂಪಾಯಿಗೆ ಸುಮಾರು 1.13 ಬರಬೇಕು. 1940ರ ನಂತರದ ಅರ್ಧ ಬೆಳ್ಳಿಯದ್ದಕ್ಕೆ ಸುಮಾರು 1.22. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಆದರೆ 1.35ರ ಹತ್ತಿರ.

ಯಾಕೆ ಹೀಗೆ? ಬೆಳ್ಳಿ ತುಂಬಾ ಒತ್ತಾದ ಲೋಹ. ಒಂದು ಕಿಲೋ ಕಬ್ಬಿಣ ಹಿಡಿಸುವ ಜಾಗದಲ್ಲಿ ಬೆಳ್ಳಿ ಒಂದು ಕಿಲೋಗಿಂತ ಜಾಸ್ತಿ ಹಿಡಿಸುತ್ತದೆ. ತೂಕ ಒಂದೇ ಇದ್ದು ಜಾಗ ಜಾಸ್ತಿ ತಿಂದರೆ, ಅದರೊಳಗೆ ಹಗುರದ ಲೋಹ ಸೇರಿದೆ ಅಂತ ಅರ್ಥ. ಗಾತ್ರದಲ್ಲಿ ಮೋಸ ಮಾಡಬಹುದು, ತೂಕದಲ್ಲಿ ಮಾಡಬಹುದು, ಎರಡನ್ನೂ ಒಟ್ಟಿಗೆ ಸರಿ ಹೊಂದಿಸುವುದು ಕಷ್ಟ. ಪಾವಲಿಯಂಥ ಸಣ್ಣ ನಾಣ್ಯಕ್ಕೆ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆಗ ಒಡವೆ ಅಂಗಡಿಯಲ್ಲಿ ಲೋಹದ ಪಾಲು ತೋರಿಸುವ ಯಂತ್ರ ಇದ್ದರೆ ಅದರಲ್ಲಿ ನೋಡಿಸಿ.

ಹಳೇದಾದಷ್ಟೂ ಬೆಲೆ ಜಾಸ್ತಿಯಾ?

ಅಲ್ಲ. ಎಲ್ಲರೂ ಎಡವುವ ಜಾಗ ಇದೇ.

ಈ ದೇಶದಲ್ಲಿ ಎರಡು ಸಾವಿರ ವರ್ಷಕ್ಕಿಂತ ಹಿಂದಿನ, ಚಿಹ್ನೆ ಒತ್ತಿದ ಬೆಳ್ಳಿ ನಾಣ್ಯಗಳು ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯ ಬಗೆಯವು 1939ರ ಒಂದು ರೂಪಾಯಿಗಿಂತ ಎಷ್ಟೋ ಅಗ್ಗ. ಕಾರಣ ಸರಳ. ಅವು ರಾಶಿ ರಾಶಿ ಸಿಕ್ಕಿವೆ. 1939ರ ಆರನೇ ಜಾರ್ಜ್ ರೂಪಾಯಿ ಜನರ ಕೈಗೆ ಬಂದದ್ದೇ ತೀರಾ ಕಮ್ಮಿ. ಹಿಂದಿನ ಒಳ್ಳೆ ಬೆಳ್ಳಿಯ ಕೊನೆಯ ರೂಪಾಯಿ ಬೇರೆ. ಹಾಗಾಗಿ ಸಂಗ್ರಹ ಮಾಡುವವರಿಗೆಲ್ಲ ಅದು ಬೇಕು.

ಇನ್ನೊಂದು 1911ರ ರೂಪಾಯಿ. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೆ ಒಂದು ಆನೆ ಇದೆ. ಕೆತ್ತಿದವನು ಸೊಂಡಿಲನ್ನು ಗಿಡ್ಡ ಮಾಡಿಬಿಟ್ಟ. ಜನರಿಗೆ ಅದು ಹಂದಿಯ ಹಾಗೆ ಕಂಡಿತು, ಗಲಾಟೆ ಆಯಿತು, ಸರಕಾರ ನಾಣ್ಯ ತಡೆಹಿಡಿಯಿತು. ಅಚ್ಚಾದದ್ದು ಸುಮಾರು 94 ಲಕ್ಷ, ಹೊರಗೆ ಬಿಟ್ಟದ್ದು ಸುಮಾರು 7 ಲಕ್ಷ, ಉಳಿದದ್ದು ಕುಲುಮೆಗೆ. 1912ರಿಂದ ಸೊಂಡಿಲು ಉದ್ದ ಆಯಿತು. ನಿಮ್ಮ ಡಬ್ಬಿಯಲ್ಲಿ 1911 ಅಂತ ಇರುವ ರೂಪಾಯಿ ಇದ್ದರೆ ದಯವಿಟ್ಟು ಕರಗಿಸಲು ಕೊಡಬೇಡಿ. ಐದನೇ ಜಾರ್ಜ್‌ನ 1921, 1922ರ ರೂಪಾಯಿಗಳೂ ಅಪರೂಪ.

ಇದಕ್ಕೆ ಉಲ್ಟಾ 1918. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ರೂಪಾಯಿಗೆ ಎಷ್ಟು ಕೊರತೆ ಆಯಿತು ಅಂದರೆ 1917ರ ನವೆಂಬರ್ 30ರಂದು ಸರಕಾರ ಮೊದಲ ಸಲ ಒಂದು ರೂಪಾಯಿಯ ನೋಟು ಹೊರಡಿಸಿತು. ಮರುವರ್ಷ ಅಮೆರಿಕ ತನ್ನ ಬೆಳ್ಳಿ ಡಾಲರ್‌ಗಳನ್ನೇ ಕರಗಿಸಿ ಭಾರತಕ್ಕೆ ಬೆಳ್ಳಿ ಮಾರಿತು. ಕೋಟಿಗಟ್ಟಲೆ ರೂಪಾಯಿ ಅಚ್ಚಾಯಿತು. ಡಬ್ಬಿಗಳಲ್ಲಿ 1917, 1918, 1919 ಅಷ್ಟೊಂದು ಸಿಗುವುದು ಅದಕ್ಕೇ. ಇವು ಸವೆದಿದ್ದರೆ ಬೆಳ್ಳಿಯ ಬೆಲೆಯೇ ಅವುಗಳ ಬೆಲೆ.

ಇಸವಿಯೂ ಕೆಲವು ಸಲ ನಿಜ ಹೇಳುವುದಿಲ್ಲ. 1862ರ ವಿಕ್ಟೋರಿಯಾ ರೂಪಾಯಿಯನ್ನು 1874ರ ತನಕ ಅದೇ ಇಸವಿ ಹಾಕಿಯೇ ಅಚ್ಚು ಹೊಡೆದರು. ಹಾಗಾಗಿ 1862 ಎಲ್ಲ ಕಡೆ ಸಿಗುತ್ತದೆ. ಅದರ ಮೇಲಿನ ಸಣ್ಣ ಚುಕ್ಕಿಗಳನ್ನು ಎಣಿಸಿ, ಅವು ಇರುವ ಜಾಗ ನೋಡಿ, ಬೇರೆ ಬೇರೆ ಬಗೆ ಅಂತ ವಿಂಗಡಿಸುತ್ತಾರೆ. ಕೆಲವು ಬಗೆ ಸಾಮಾನ್ಯ, ಕೆಲವು ಅಪರೂಪ.

ನಮ್ಮ ಡಬ್ಬಿಯಲ್ಲಿ ಒಂದು ದೊಡ್ಡ ನಾಣ್ಯ ಇತ್ತು. ಒಂದು ಕಡೆ ದಪ್ಪ ಮೈಯ ರಾಣಿ, ಇನ್ನೊಂದು ಕಡೆ ಎರಡು ತಲೆಯ ಹದ್ದು, 1780 ಅಂತ ಇಸವಿ. ಭಾವ ಅದನ್ನು ನೋಡಿಯೇ ಲಕ್ಷದ ಮಾತು ಆಡಿದ್ದು. ಅದು ಆಸ್ಟ್ರಿಯಾದ ಮರಿಯಾ ಥೆರೇಸಾ ರಾಣಿಯ ಥಾಲರ್. ಅರಬ್ ದೇಶಗಳಲ್ಲಿ, ಇಥಿಯೋಪಿಯಾದಲ್ಲಿ ವ್ಯಾಪಾರಕ್ಕೆ ಇದೇ ನಾಣ್ಯ ನಡೆಯುತ್ತಿತ್ತು, ಬೇರೆ ಇಸವಿ ಇದ್ದರೆ ಅಲ್ಲಿನ ಜನ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ರಾಣಿ ತೀರಿಹೋದ ಮೇಲೂ 1780 ಅಂತಲೇ ಹಾಕಿ ಅಚ್ಚು ಹೊಡೆಯುತ್ತಾ ಬಂದರು. ಯುದ್ಧದ ಕಾಲದಲ್ಲಿ ನಮ್ಮ ಬೊಂಬಾಯಿ ಟಂಕಸಾಲೆಯಲ್ಲೂ ಹೊಡೆದರು. ಗಲ್ಫಿಗೂ ನಮ್ಮೂರಿಗೂ ಇರುವ ನಂಟು ಗೊತ್ತಲ್ವಾ, ಇಂಥ ನಾಣ್ಯ ಕಾಸರಗೋಡಿನ ಮನೆಯಲ್ಲಿ ಸಿಕ್ಕರೆ ಆಶ್ಚರ್ಯ ಇಲ್ಲ. 28.07 ಗ್ರಾಂ ತೂಕ, 0.833 ಬೆಳ್ಳಿ, ಶುದ್ಧ ಬೆಳ್ಳಿ 23.39 ಗ್ರಾಂ. ಬೆಳ್ಳಿಯ ಬೆಲೆಯೇ ಸುಮಾರು 3,500. ನಂತರದ ಕಾಲದ ಅಚ್ಚಾದರೆ ಅದಕ್ಕಿಂತ ತುಂಬಾ ಮೇಲೆ ಹೋಗುವುದಿಲ್ಲ.

ಎಲ್ಲಿ ಅಚ್ಚಾಯಿತು, ಎಷ್ಟು ಸವೆದಿದೆ

ಒಂದೇ ಇಸವಿಯಲ್ಲಿ ಕಲ್ಕತ್ತಾದಲ್ಲೂ ಬೊಂಬಾಯಿಯಲ್ಲೂ ನಾಣ್ಯ ಹೊಡೆಯುತ್ತಿದ್ದರು. ಒಂದು ಕಡೆ ಕೋಟಿ, ಇನ್ನೊಂದು ಕಡೆ ಕೆಲವೇ ಲಕ್ಷ ಆಗಿರಬಹುದು. ಕಲ್ಕತ್ತಾದ್ದಕ್ಕೆ ಹೆಚ್ಚಾಗಿ ಗುರುತು ಇರುವುದಿಲ್ಲ. ಬೊಂಬಾಯಿಯದ್ದಕ್ಕೆ "ಬಿ" ಅಕ್ಷರ ಅಥವಾ ಚುಕ್ಕಿ. ಐದನೇ ಜಾರ್ಜ್ ರೂಪಾಯಿಯಲ್ಲಿ ಹಿಂಬದಿಯ ಕೆಳಗಿನ ಹೂವಿನ ಅಡಿಗೆ ಪುಟ್ಟ ಚುಕ್ಕಿ ಹುಡುಕಿ. 1943ರಿಂದ 1945ರ ಕೆಲವು ನಾಣ್ಯಗಳಲ್ಲಿ "ಎಲ್" ಇರುತ್ತದೆ, ಅದು ಲಾಹೋರ್. ಬೂತಗನ್ನಡಿ ಬೇಕೇ ಬೇಕು. ಫೋನಿನ ಕ್ಯಾಮೆರಾ ಹತ್ತಿರ ಹಿಡಿದರೂ ಆಗುತ್ತದೆ.

ಸವಕಲಿನ ವಿಷಯ ನಮ್ಮ ಅಡಿಕೆಯ ಹಾಗೆ. ಒಂದೇ ತೋಟದ, ಒಂದೇ ವರ್ಷದ ಅಡಿಕೆ. ಸುಲಿದು ಆರಿಸಿದ ಮೇಲೆ ಚಾಲಿಗೆ ಒಂದು ದರ, ಪಟೋರಕ್ಕೆ ಒಂದು, ಉಳ್ಳಿಗೆ ಒಂದು, ಕರಿಗೋಟಿಗೆ ಇನ್ನೊಂದು. ಆರಿಸದೆ ಒಟ್ಟಿಗೆ ಕೊಟ್ಟರೆ ನಷ್ಟ ಯಾರಿಗೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ನಾಣ್ಯದಲ್ಲೂ ಹಾಗೆ. ಕೈಯಿಂದ ಕೈಗೆ ಹೋಗದೆ, ಟಂಕಸಾಲೆಯ ಹೊಳಪು ಹಾಗೇ ಉಳಿದದ್ದು ಎಲ್ಲಕ್ಕಿಂತ ಮೇಲೆ. ಆಮೇಲೆ ರಾಜನ ಹುಬ್ಬು, ಕಿವಿ, ಕಿರೀಟದ ಮಣಿ, ಅಂಗಿಯ ಕಸೂತಿ ಸ್ಪಷ್ಟ ಕಾಣುವಂಥದ್ದು. ಕಿವಿ ನುಣ್ಣಗೆ ಆಗಿ ಬರೀ ಆಕಾರ ಉಳಿದಿದ್ದರೆ ಕೆಳಗಿನ ದರ್ಜೆ. ಸಾಮಾನ್ಯ ಇಸವಿಯ ರೂಪಾಯಿ ಕೂಡ ಮೊದಲ ದರ್ಜೆಯಲ್ಲಿದ್ದರೆ ಬೆಳ್ಳಿಯ ಬೆಲೆಗಿಂತ ಚೆನ್ನಾಗಿಯೇ ಮೇಲೆ ಹೋಗುತ್ತದೆ.

ಸರಕ್ಕೆ ಹಾಕಲು ಕೊಂಡಿ ಬೆಸೆದ ನಾಣ್ಯಗಳು ನಮ್ಮಲ್ಲಿ ಬೇಕಾದಷ್ಟು ಇವೆ. ಬೆಸುಗೆ, ತೂತು ಇದ್ದರೆ ಸಂಗ್ರಹದ ಬೆಲೆ ಬಹುಪಾಲು ಹೋಯಿತು. ಬೆಳ್ಳಿಯ ಬೆಲೆ ಹೋಗಿಲ್ಲ.

ಹುಣಸೆಹುಳಿ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ

ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆದ ತೆಳು ಪದರ ಅದು. ಅದರಿಂದ ನಾಣ್ಯಕ್ಕೆ ತೊಂದರೆ ಇಲ್ಲ. ಆ ಬಣ್ಣ ಇದ್ದರೆ ಸಂಗ್ರಹ ಮಾಡುವವರಿಗೆ ಇಷ್ಟ ಕೂಡ, ಯಾಕೆಂದರೆ ಯಾರೂ ಮುಟ್ಟದೆ ಹಾಗೇ ಉಳಿದ ನಾಣ್ಯ ಅಂತ ಅದು ತೋರಿಸುತ್ತದೆ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಮೇಲಿನ ಬೆಳ್ಳಿಯೇ ಸವೆದು ಸಾವಿರಾರು ಸಣ್ಣ ಗೀರು ಬೀಳುತ್ತದೆ. ಬೂತಗನ್ನಡಿಯಲ್ಲಿ ಒಂದು ನೋಟಕ್ಕೆ ಗೊತ್ತಾಗುತ್ತದೆ, ಬೆಲೆ ಅಲ್ಲೇ ಬೀಳುತ್ತದೆ. ಕುಂಕುಮ, ಎಣ್ಣೆಜಿಡ್ಡು ಇದ್ದರೆ ಬರೀ ನೀರಲ್ಲಿ ನೆನೆಸಿ, ಒರೆಸದೆ, ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಸಾಕು. ದೊಡ್ಡಮ್ಮನ ಕೈಯಿಂದ ಡಬ್ಬಿ ತೆಗೆದಿಡಲಿಕ್ಕೆ ನಾನು ತುಂಬಾ ಕಷ್ಟಪಟ್ಟೆ, ಆದರೂ ಎರಡು ಪಾವಲಿ ಅಷ್ಟರಲ್ಲಿ ಫಳಫಳ ಆಗಿತ್ತು.

ಫೋನಿನಲ್ಲಿ ಬರುವ ಲಕ್ಷಗಳು

ವೈಷ್ಣೋದೇವಿಯ 5 ರೂಪಾಯಿ ಇದ್ದರೆ ಹತ್ತು ಲಕ್ಷ, ಘೇಂಡಾಮೃಗದ 25 ಪೈಸೆ ಇದ್ದರೆ ಒಂದೂವರೆ ಲಕ್ಷ, ಇಂಥ ಸುದ್ದಿ ವಾರಕ್ಕೊಂದು ಬರುತ್ತದೆ. ಎರಡೂ ಈಚಿನ ನಾಣ್ಯ, ಬೆಳ್ಳಿ ಇಲ್ಲ, ಜನರ ಹತ್ತಿರ ರಾಶಿ ಇದೆ. ನಂಬಿ ಫೋನ್ ಮಾಡಿದವರ ಹತ್ತಿರ "ನೋಂದಣಿ ಶುಲ್ಕ", "ತೆರಿಗೆ", "ಕಮಿಷನ್" ಅಂತ ದುಡ್ಡು ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ, ಹಳೇ ನೋಟು ನಾಣ್ಯ ಕೊಳ್ಳುವ ಮಾರುವ ಕೆಲಸ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕ ಕೇಳುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಮಾರುವವನಿಗೆ ದುಡ್ಡು ಬರಬೇಕೇ ಹೊರತು ಮಾರುವವನೇ ಮೊದಲು ದುಡ್ಡು ಕೊಡುವ ವ್ಯಾಪಾರ ಎಲ್ಲಿಯೂ ಇಲ್ಲ.

ಇನ್ನೊಂದು ಬಗೆ ದೇವರ ಚಿತ್ರದ ತಾಮ್ರದ ಬಿಲ್ಲೆ. ಒಂದು ಕಡೆ ರಾಮ ಸೀತೆ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಥವಾ 1616 ಅಂತ ಇಸವಿ. ಕಂಪನಿ ಇಂಥ ನಾಣ್ಯ ಹೊರಡಿಸಲೇ ಇಲ್ಲ. ಅದು ಅಕ್ಕಿ ಕಾಳನ್ನು ಎಳೆಯುತ್ತದೆ, ಕೋಟಿ ಬೆಲೆ ಅಂತ ಹೇಳಿ ಎಷ್ಟೋ ಜನರ ಮನೆ ಹಾಳು ಮಾಡಿದ್ದಾರೆ. ಪೂಜೆಗೆ ಇಟ್ಟಿದ್ದರೆ ಇರಲಿ, ಮಾರಲಿಕ್ಕೆ ಅಲ್ಲ.

ಅಪರೂಪದ ನಾಣ್ಯದ ನಕಲೂ ಇದೆ. 1939ರ ರೂಪಾಯಿಗೆ ಅಂಕಿ ತಿದ್ದಿದ್ದು, ಅಚ್ಚು ತೆಗೆದು ಎರಕ ಹೊಯ್ದದ್ದು ಎರಡೂ ಸಿಗುತ್ತದೆ. ನಕಲಿಯನ್ನು ಬೆಳ್ಳಿಯಲ್ಲೇ ಮಾಡಿದ್ದರೆ ನೀರಿನ ಪರೀಕ್ಷೆಗೂ ಸಿಕ್ಕಿಬೀಳುವುದಿಲ್ಲ. ಎರಕದ್ದಾದರೆ ಅಕ್ಷರಗಳ ಅಂಚು ಮಂದ ಇರುತ್ತದೆ, ಮೈ ಮೇಲೆ ಸೂಜಿಮೊನೆಯಷ್ಟು ಗುಳಿ, ಅಂಚಿನ ಸುತ್ತ ಜೋಡಿಸಿದ ಗೆರೆ ಇರಬಹುದು. ಇಂಥದ್ದನ್ನು ಬಲ್ಲವರಿಗೇ ತೋರಿಸಬೇಕು.

ಮಣ್ಣಿನಡಿ ಸಿಕ್ಕಿದರೆ

ಅಟ್ಟದಲ್ಲಿ, ಪತ್ತಾಯದಲ್ಲಿ ಸಿಕ್ಕಿದ್ದು ಮನೆಯ ಸೊತ್ತು. ಅಡಿಪಾಯ ತೋಡುವಾಗ, ತೋಟದಲ್ಲಿ ಅಗೆಯುವಾಗ ಕೊಡ ಸಿಕ್ಕಿದರೆ ವಿಷಯ ಬೇರೆ. ದೇಶಕ್ಕೆ 1878ರ ನಿಧಿ ಕಾನೂನು ಇದೆ, ಕೇರಳಕ್ಕೆ 1968ರದ್ದು ಬೇರೆಯೇ ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು. 2024ರ ಜುಲೈಯಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಉದ್ಯೋಗಖಾತರಿ ಕೆಲಸದ ಹೆಂಗಸರು ಮಳೆಗುಂಡಿ ತೋಡುತ್ತಿದ್ದಾಗ ಒಂದು ಪಾತ್ರೆ ಸಿಕ್ಕಿತು. ಬಾಂಬೋ ಏನೋ ಅಂತ ಮೊದಲು ಹೆದರಿದರಂತೆ. ಒಳಗೆ ಮಣಿ, ಚಿನ್ನದ ಪದಕ, ಬೆಳ್ಳಿ ನಾಣ್ಯ. ಅವರು ಅದನ್ನು ಪೊಲೀಸರಿಗೆ ಒಪ್ಪಿಸಿದರು. ಅದರಲ್ಲಿ ಕಣ್ಣೂರನ್ನು ಆಳಿದ ಅಲಿರಾಜರ ನಾಣ್ಯವೂ ವೀರರಾಯನ್ ಪಣ ಅನ್ನುವ ಹಳೇ ನಾಣ್ಯವೂ ಇದ್ದದ್ದು ಅದರಿಂದಲೇ ನಮಗೆಲ್ಲ ಗೊತ್ತಾಯಿತು. ಕರಗಿಸಿದ್ದರೆ ಅದು ಬರೀ ಲೋಹ ಆಗುತ್ತಿತ್ತು.

ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಒಯ್ಯುವಂತೆಯೂ ಇಲ್ಲ. ಗಲ್ಫಿನಲ್ಲಿರುವ ಮಕ್ಕಳಿಗೆ ನೆನಪಿಗೆ ಅಂತ ಕೊಟ್ಟು ಕಳಿಸುವವರು ಇದನ್ನು ತಿಳಿದಿರಿ.

ಮಾರುವುದಾದರೆ

ಬೆಳ್ಳಿ ಅಂಗಡಿಗೆ ಹೋಗುವಾಗ ಗುಂಪು ಮಾಡಿಕೊಂಡೇ ಹೋಗಿ. 0.917ರದ್ದು ಒಂದು ಪೊಟ್ಟಣ, ಅರ್ಧ ಬೆಳ್ಳಿಯದ್ದು ಇನ್ನೊಂದು. "ಎಷ್ಟು ಟಚ್ (ಬೆಳ್ಳಿಯ ಪಾಲು) ಹಿಡಿಯುತ್ತೀರಿ, ಕರಗಿಸಿದ್ದಕ್ಕೆ ಎಷ್ಟು ಕಳೆಯುತ್ತೀರಿ" ಅಂತ ತೂಗುವ ಮೊದಲೇ ಕೇಳಿ. ಸ್ವಲ್ಪ ಕಡಿಮೆ ಹಿಡಿಯುವುದು ಸಹಜ, ಅವರಿಗೂ ಖರ್ಚಿದೆ. ಎರಡು ಅಂಗಡಿಯಲ್ಲಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಅಪರೂಪದ್ದು ಅನಿಸಿದರೆ ನಾಣ್ಯದ ಹರಾಜು ನಡೆಸುವ ಸಂಸ್ಥೆಗಳಿಗೆ ಎರಡೂ ಬದಿಯ ಮತ್ತು ಅಂಚಿನ ಫೋಟೋ, ತೂಕ ಕಳಿಸಿ. ಬೆಲೆ ತಿಳಿಯಲು ಇಂಥ ಹರಾಜಿನಲ್ಲಿ ನಿಜವಾಗಿ ಮಾರಾಟ ಆದ ದರ ನೋಡಬೇಕು. ಯಾರೋ ಆನ್‌ಲೈನಿನಲ್ಲಿ ಬರೆದುಕೊಂಡ ದರ ಅವರ ಆಸೆ ಮಾತ್ರ. ಕಣ್ಣಿಗೆ ಸ್ವಲ್ಪ ಅಭ್ಯಾಸ ಆಗಬೇಕು ಅಂದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ನೋಡಿ ಬನ್ನಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟುಹಾಕಿದವರು ಅವರು. ಗಾಜಿನಾಚೆ ಸಾಲಾಗಿ ಇಟ್ಟದ್ದನ್ನು ನೋಡಿದ ಮೇಲೆ ಮನೆಯ ಡಬ್ಬಿ ಬೇರೆಯೇ ಕಾಣುತ್ತದೆ.

ನಮ್ಮ 31 ನಾಣ್ಯದ ಲೆಕ್ಕ ಹೀಗಾಯಿತು. ಒಳ್ಳೆ ಬೆಳ್ಳಿಯ ರೂಪಾಯಿ 18, ಅರ್ಧ ಬೆಳ್ಳಿಯದ್ದು 6, ಪಾವಲಿ 4, ಗಾಂಧೀಜಿಯ 10 ರೂಪಾಯಿ ಒಂದು, ಥಾಲರ್ ಒಂದು, ನೆಹರೂ ನಿಕ್ಕೆಲ್ ಒಂದು. ಸವಕಲು ಬಿಟ್ಟು ಲೆಕ್ಕ ಹಾಕಿದರೆ ಒಟ್ಟು ಬೆಳ್ಳಿ ಸುಮಾರು 270 ಗ್ರಾಂ, ಗ್ರಾಮಿಗೆ 150ರಂತೆ 40 ಸಾವಿರದ ಆಸುಪಾಸು. ಹದಿನೆಂಟರಲ್ಲಿ ಒಂದು 1911. ಬೂತಗನ್ನಡಿ ಹಿಡಿದು ಆ ಗಿಡ್ಡ ಸೊಂಡಿಲನ್ನು ಮನೆಯವರೆಲ್ಲ ಸರದಿಯಲ್ಲಿ ನೋಡಿದರು. ಅದನ್ನೂ ಥಾಲರನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಟ್ಟಿದ್ದೇವೆ, ಮೆತ್ತನೆಯ ಪ್ಲಾಸ್ಟಿಕ್ ಲಕೋಟೆ ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ, ಅದಕ್ಕೆ. ಕಾಲ್ಗೆಜ್ಜೆಗೆ 1918ರ ಸವೆದ ರೂಪಾಯಿಗಳು ಸಾಕು ಅಂತ ಅತ್ತಿಗೆಯೇ ಆರಿಸಿ ತೆಗೆದರು.